ಟಿಣ್!

ಇವತ್ತು ಸೂಪರ್ ಮಾರ್ಕೆಟ್ ಕಡೆ ಓವನ್ ನೋಡೋಕೆ ಹೋಗಿದ್ದೆವು.

ಮೊದಲು ತೋರಿಸಿದ್ದು ಟಚ್ ಬಟನ್ನಿಂದು. ಅವ್ವ ಅದನ್ನ ಮುಟ್ಟಲೇ ಇಲ್ಲ.

ಪಕ್ಕದಲ್ಲಿ ಓಟಿಜಿ, ಅಂದ್ರೆ ರಾಡ್ ಕಾಯ್ದು ಬೇಯಿಸೋ ಕರೆಂಟ್ ಓವನ್. ಅದಕ್ಕೆ ತಿರುಗಿಸೋ ಗುಂಡಿ ಮೂರೇ. ಬಿಸಿ ಎಷ್ಟು, ಮೇಲಿನ ರಾಡೋ ಕೆಳಗಿಂದೋ, ಎಷ್ಟು ನಿಮಿಷ. 250 ಡಿಗ್ರಿವರೆಗೆ. ಮೇ ತಿಂಗಳಲ್ಲಿ ಕಲಬುರಗಿ ಮಾಳಿಗೆ ಮೇಲಿಟ್ಟರೂ ಕೇಕ್ ಬೇಯುತ್ತೇನೋ, ಇರಲಿ.

ಅವ್ವ ಟೈಮರ್ ತಿರುವಿ, ಕಿವಿಗೊಟ್ಟು ನಿಂತಳು. ಕರ್‌ಕರ್ ಅಂತ ಹಿಂದಕ್ಕೆ ಬಂದು, ಟಿಣ್!

"ಹಳೇ ರೇಡಿಯೋ ಇದ್ದಂಗ ಅದ ನೋಡು."

ಕರೆಂಟ್ ಹೋದರೆ ಓವನ್ ತಣ್ಣಗಾಗುತ್ತೆ, ಈ ಟೈಮರ್ ಮಾತ್ರ ಸುಮ್ನೆ ಓಡ್ತಾನೇ ಇರುತ್ತೆ ಅಂದೆ.

"ಬಂದ ಮ್ಯಾಲೆ ಮತ್ತ ತಿರುವಿದ್ರಾತು."

ಕೈಗೆ ತಿಳಿಯೋ ಸಾಮಾನು ಈಗ ಕಮ್ಮಿ ಆಗ್ತಿವೆ, ಅಲ್ವಾ?

ಮನೆಗೆ ಬಂದ ಮೇಲೆ ನಾಲ್ಕು ಸಲ ಟಿಣ್ ಅನ್ನಿಸಿದ್ದಾಳೆ. ಒಳಗೆ ಏನೂ ಇಲ್ಲ.