ಅಂಡಮಾನೋ, ಲಕ್ಷದ್ವೀಪವೋ, ಮಾಲ್ಡೀವ್ಸೋ?

ಇಬ್ಬರ ಸಂಬಳದಲ್ಲಿ ಮನೆ ಸಾಲದ ಕಂತು ಕಳೆದು ಉಳಿಯುವ ಹಣದಲ್ಲೇ ದ್ವೀಪವೊಂದಕ್ಕೆ ಹೋಗಿಬರಬೇಕೆಂದರೆ, ವಿಮಾನದ ದರಕ್ಕಿಂತ ಮೊದಲು ಇಳಿದ ಮೇಲಿನ ದೋಣಿಯ ಖರ್ಚನ್ನು ವಿಚಾರಿಸಬೇಕು ಎಂಬುದು ನನ್ನ ಅಭಿಪ್ರಾಯ. ಮಾಲ್ಡೀವ್ಸ್ ಎಂದೊಡನೆ ನೀರಿನ ಮೇಲೆ ಕಟ್ಟಿದ ದುಬಾರಿ ಕುಟೀರಗಳೇ ಕಣ್ಣಮುಂದೆ ಬರುತ್ತವೆ. ಆದರೆ ಮಾಫುಶಿಯಂಥ ಜನವಸತಿಯ ದ್ವೀಪಗಳಲ್ಲಿ ಸ್ಥಳೀಯರ ಅತಿಥಿಗೃಹಗಳಿವೆ, ವೀಸಾ ಶುಲ್ಕವೂ ಇಲ್ಲ. ಅಲ್ಲಿ ಮದ್ಯ ಸಿಗುವುದಿಲ್ಲ, ಈಜುಡುಗೆಗೆ ಪ್ರತ್ಯೇಕ ತೀರವಿದೆ; ನಮ್ಮಿಬ್ಬರಿಗಂತೂ ಅದರಿಂದ ನಷ್ಟವೇನಿಲ್ಲ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಕೊಚ್ಚಿಯಿಂದ ಹೊರಡುವ ಹಡಗು, ವಿಮಾನಗಳೂ ಕಡಿಮೆ.

ಈ ಮೂರರಲ್ಲಿ ನನ್ನ ಮತ ಅಂಡಮಾನಿಗೆ. ಈಗ ಸ್ವರಾಜ್ ದ್ವೀಪವೆಂದು ಕರೆಯಲಾಗುವ ಹ್ಯಾವ್‌ಲಾಕ್‌ಗೆ ಖಾಸಗಿ ದೋಣಿ ಬೇಗ ತಲುಪಿಸುತ್ತದಾದರೂ, ಸರ್ಕಾರಿ ದೋಣಿಯ ಟಿಕೆಟ್ ಅದಕ್ಕಿಂತ ಎಷ್ಟೋ ಅಗ್ಗ. ಅಲ್ಲಿ ಬಾಡಿಗೆ ಸ್ಕೂಟರ್ ಸಿಕ್ಕರೆ ಟ್ಯಾಕ್ಸಿಯ ಹಂಗಿಲ್ಲ. ಆದರೆ ಗಡಿಯಾರವನ್ನು ನಂಬಬೇಡಿ: ಡಿಸೆಂಬರಿನಲ್ಲಿ ಸಂಜೆ 5ರ ಹೊತ್ತಿಗೇ ಸೂರ್ಯ ಮುಳುಗುವುದರಿಂದ, ರಾಧಾನಗರ ತೀರಕ್ಕೆ ಊಟ ಮುಗಿದೊಡನೆ ಹೊರಡಬೇಕು. ಅಂಡಮಾನಿನದೇ ಶಹೀದ್ ದ್ವೀಪದ (ಹಿಂದಿನ ನೀಲ್) ಕಲ್ಲಿನ ಕಮಾನನ್ನು ನೋಡಲು ಕಡಲು ಇಳಿದಿರಬೇಕು, ಪಾಚಿಗಟ್ಟಿದ ಬಂಡೆಗಳ ಮೇಲೆ ಜಾರದ ಚಪ್ಪಲಿಯೂ ಬೇಕು. ಮಳೆಗಾಲದಲ್ಲಿ ಕೊಠಡಿ ಅಗ್ಗವೆಂದು ಹೊರಟವರು, ದೋಣಿ ರದ್ದಾದರೆ ಒಂದೆರಡು ದಿನ ಹೆಚ್ಚು ಉಳಿಯುವಷ್ಟು ಹಣವನ್ನೂ ಇಟ್ಟುಕೊಂಡಿರಲಿ.