ಸೋಲಾರ್ ಬಿಟ್ಟು ಹೀಟ್ ಪಂಪ್ ಯಾಕೆ?

ಬೆಳಗಾವಿ ಶಹಾಪುರದ ನಮ್ಮ ಹಳೇ ಮನೆಯ ರಿಪೇರಿ ಮುಗಿದು ವರ್ಷ ದಾಟಿತು. ನೋಡಲು ಬಂದವರು ಅಡುಗೆಮನೆ, ಪಾಲಿಶ್ ಮಾಡಿದ ಕಂಬ ಎಲ್ಲ ನೋಡಿ, ಕೊನೆಗೆ ಹಿತ್ತಲಲ್ಲಿ ಗುಂಯ್ ಅನ್ನುವ ಡಬ್ಬಿಯ ಮುಂದೆ ನಿಲ್ಲುತ್ತಾರೆ. "ಏನ್ರೀ, ನೀರು ಕಾಸಾಕ ಎಸಿ ಕೂಡ್ಸೀರೇನು? ಸೋಲಾರ್ ಯಾಕ ಬ್ಯಾಡಂದ್ರಿ?"

ಎಸಿ ಅಂದದ್ದು ತಪ್ಪೇನಲ್ಲ. ಫ್ರಿಜ್ಜಿನ ಹಿಂದೆ ಕೈ ಇಟ್ಟರೆ ಬೆಚ್ಚಗಿರುತ್ತದೆ, ಅಲ್ವಾ? ಒಳಗಿನ ಶಾಖ ಹೊರಗೆ ಬಂದಿರುತ್ತದೆ. ಹೀಟ್ ಪಂಪ್ ಹಾಗೆಯೇ ಹಿತ್ತಲ ಗಾಳಿಯ ಶಾಖ ಎಳೆದು ಟ್ಯಾಂಕಿನ ನೀರಿಗೆ ದಾಟಿಸುತ್ತದೆ. ಕರೆಂಟು ಬೇಕಾಗುವುದು ಕಂಪ್ರೆಸರ್, ಫ್ಯಾನ್ ತಿರುಗಿಸಲು. 200 ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಏರಿಸಲು ಗೀಸರಿಗೆ ಸುಮಾರು 7 ಯೂನಿಟ್ ಬೇಕು. ಇದು ಎರಡೂವರೆಯಲ್ಲಿ ಮುಗಿಸುತ್ತದೆ. ಚಳಿದೇಶಗಳಲ್ಲಿ ಇದರಿಂದ ಇಡೀ ಮನೆಯನ್ನೇ ಬೆಚ್ಚಗಿಡುತ್ತಾರೆ. ಬೆಳಗಾವಿ ಚಳಿಗೆ ಒಂದು ಕೌದಿ ಸಾಕು. ನಮಗೆ ಬೇಕಿದ್ದದ್ದು ಸ್ನಾನದ ನೀರು.

ಸೋಲಾರ್ ಮೇಲೆ ನನಗೇನೂ ಸಿಟ್ಟಿಲ್ಲ. ವಿಜಯಪುರದ ತಂಗಿ ಕೇಳಿದಾಗ "ಸೋಲಾರೇ ಹಾಕಿಸವಾ" ಅಂದೆ. ಅವಳದು ಆರ್‌ಸಿಸಿ ಮನೆ, ಅಲ್ಲಿ ಮಳೆಯೂ ಕಡಿಮೆ. ಇಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಮೋಡ. ಬಿಸಿನೀರು ಬೇಕೆನಿಸುವುದೂ ಆಗಲೇ. ಆಗ ಸೋಲಾರ್ ಟ್ಯಾಂಕಿನೊಳಗಿನ ಕಾಯಿಲ್ ಹಾಕಬೇಕು, ಅಂದರೆ ಮತ್ತೆ ಗೀಸರೇ. ಅದಕ್ಕಿಂತ ದೊಡ್ಡ ತೊಡಕು ನಮ್ಮ ಸೂರು. ಮಂಗಳೂರು ಹಂಚು, ಕಟ್ಟಿಗೆ ತೊಲೆ. 200 ಲೀಟರ್ ನೀರೆಂದರೆ 200 ಕಿಲೋ, ಟ್ಯಾಂಕು, ಸ್ಟ್ಯಾಂಡಿನ ತೂಕ ಬೇರೆ. ಬಡಿಗೇರ ಕಾಕಾ ತೊಲೆಯನ್ನು ಬಡಿದು ನೋಡಿ, "ಇದರ ತಲಿ ಮ್ಯಾಲೆ ಇನ್ನ ಭಾರ ಹೇರಬ್ಯಾಡ್ರಿ" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಹಾಗಂತ ಹೀಟ್ ಪಂಪ್ ಮೊದಲ ದಿನವೇ ಸರಿಹೋಗಲಿಲ್ಲ. ಕೂಡಿಸಲು ಬಂದವರು ಮಳೆಗೆ ನೆನೆಯಬಾರದೆಂದು ಅದನ್ನು ಹಳೇ ಕಟ್ಟಿಗೆ ಕೋಣೆಯೊಳಗೆ ಇಟ್ಟುಹೋದರು. ಕಿಟಕಿಯೂ ಇಲ್ಲದ ಗೂಡು. ಮೂರು ತಾಸಿಗೆ ಕಾಯಬೇಕಾದ ನೀರು ಐದು ತಾಸಾದರೂ ಉಗುರುಬೆಚ್ಚಗೆ. ಬಾಗಿಲು ತೆಗೆದರೆ ಒಳಗೆ ಕೋಲ್ಡ್ ಸ್ಟೋರೇಜ್! ತಾನು ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಅದರಲ್ಲಿ ಶಾಖ ಎಲ್ಲಿಂದ ಬರಬೇಕು? ಹೊರಗಿನ ಗೋಡೆಗೆ ತಂದು, ಮೇಲೊಂದು ತಗಡು ಹೊದಿಸಿದ ಮೇಲೆ ದಾರಿಗೆ ಬಂತು. ಕೆಳಗೆ ನೀರು ತೊಟ್ಟಿಕ್ಕುತ್ತದೆ. ಲೀಕ್ ಅಲ್ಲ, ಗಾಳಿಯ ಪಸೆ. ಅದರ ಪೈಪನ್ನು ಬಾಳೆ ಬುಡಕ್ಕೆ ಬಿಟ್ಟಿದ್ದೇವೆ. ಏಪ್ರಿಲ್ ಬಿಸಿಲಿಗೆ ಅವ್ವ ಮಜ್ಜಿಗೆ ಗಡಿಗೆ ತಂದು ಆ ಫ್ಯಾನಿನ ಮುಂದೆ ಇಡುತ್ತಾಳೆ.

ಹಳೇ ಮನೆಯಾದರೆ ಮೊದಲು ಅರ್ಥಿಂಗ್ ನೋಡಿಸಿ. ನಮ್ಮಲ್ಲಿ ಇರಲೇ ಇಲ್ಲ. ಬೋರಿನ ನೀರಾದರೆ ಟ್ಯಾಂಕಿನೊಳಗೆ ಉಪ್ಪು ಕಟ್ಟುತ್ತದೆ, ಅದನ್ನೂ ಮೊದಲೇ ಕೇಳಿಕೊಳ್ಳಿ. ಹಿತ್ತಲಿಂದ ಬಚ್ಚಲಿಗೆ ಬರುವ ಬಿಸಿನೀರಿನ ಪೈಪಿಗೆ ಫೋಮ್ ಸುತ್ತಿಸಿ. ಇಲ್ಲದಿದ್ದರೆ ಕಾಸಿದ್ದೆಲ್ಲ ದಾರಿಯಲ್ಲೇ ಆರಿಹೋಗುತ್ತದೆ.

ದುಡ್ಡು? ಗೀಸರಿಗಿಂತ ಹಲವು ಪಟ್ಟು ಜಾಸ್ತಿ. ಮನೆಯಲ್ಲಿ ಇಬ್ಬರೇ, ದಿನಕ್ಕೆ ಎರಡು ಬಕೆಟ್ ಸಾಕು ಅನ್ನುವವರು ಸುಮ್ನೆ ಗೀಸರ್ ಹಾಕಿಸಿಕೊಳ್ಳಿ. ನಾವು ಏಳು ಮಂದಿ.

ಇನ್ನೊಂದು, ಇದು ಅವಸರದವರ ಯಂತ್ರವಲ್ಲ. ಟ್ಯಾಂಕು ಖಾಲಿಯಾದರೆ ಮತ್ತೆ ಮೂರು ತಾಸು. ಹೆಂಡತಿ, ಮಕ್ಕಳು ಇದಕ್ಕೆ ಗೊಣಗಿದರು. ಅವ್ವ ಗೊಣಗಲಿಲ್ಲ. ನಸುಕಿನಲ್ಲಿ ಎದ್ದು ಹಂಡೆ ಒಲೆ ಹಚ್ಚಿದವಳು, ಬಿಸಿನೀರಿಗೆ ಕಾಯಬೇಕು ಅನ್ನುವುದು ಅವಳಿಗೆ ಹೊಸದಲ್ಲ. ಆ ತಾಮ್ರದ ಹಂಡೆಯನ್ನು ರಿಪೇರಿ ಹೊತ್ತಿನಲ್ಲಿ ಮಾರಲೂ ಬಿಡಲಿಲ್ಲ. ಕಳೆದ ದೀಪಾವಳಿಗೆ ಮನೆಯಲ್ಲಿ ಹದಿನಾಲ್ಕು ಮಂದಿ, ಎಲ್ಲರಿಗೂ ಎಣ್ಣೆಸ್ನಾನ. ಒಂಬತ್ತನೆಯವರಿಗೆ ಟ್ಯಾಂಕು ಕೈ ಕೊಟ್ಟಿತು. ಅವ್ವ ಏನೂ ಅನ್ನದೆ ಬಚ್ಚಲ ಒಲೆಗೆ ಎರಡು ಕಟ್ಟಿಗೆ ತುರುಕಿದಳು.