ರಿಪೋರ್ಟಿನ ಕೆಂಪು ಬಾಣ

ಹಂಪನಕಟ್ಟೆಯ ಲ್ಯಾಬಿನಿಂದ ಅಮ್ಮನ ಫುಲ್ ಬಾಡಿ ರಿಪೋರ್ಟ್ ವಾಟ್ಸಾಪಿಗೆ ಬಂತು. ಲಿವರಿಗೆ ಒಂದು ಪುಟ, ಕಿಡ್ನಿಗೆ ಒಂದು, ಥೈರಾಯ್ಡಿಗೆ ಒಂದು. ನಾರ್ಮಲ್ ಮಿತಿಯ ಹೊರಗೆ ಹೋದ ಅಂಕೆಗಳ ಪಕ್ಕ ಅಲ್ಲಲ್ಲಿ ಕೆಂಪು ಬಾಣ. ಅಮ್ಮ ನೋಡಿದ್ದು ಬಾಣ ಮಾತ್ರ!

ಈ ನಾರ್ಮಲ್ ಅನ್ನುವ ಗೆರೆಯನ್ನು ಸಾಮಾನ್ಯವಾಗಿ ಹಾಕುವುದೇ ಆರೋಗ್ಯವಾಗಿರುವ 100 ಜನರಲ್ಲಿ 95 ಜನ ಒಳಗೆ ಬರುವ ಹಾಗೆ, ಅಂದರೆ ಏನೂ ತೊಂದರೆ ಇಲ್ಲದ ಐದು ಜನ ಸುಮ್ನೆ ಹೊರಗೆ ಉಳಿಯುತ್ತಾರೆ, ಇನ್ನು ಇಷ್ಟೊಂದು ಟೆಸ್ಟ್ ಒಟ್ಟಿಗೆ ಮಾಡಿಸಿದರೆ ಒಂದೆರಡು ಬಾಣ ಬೀಳದೇ ಇರುವುದೇ ಕಷ್ಟ ಅಲ್ವಾ?

ಆದರೆ ಎಚ್‌ಬಿಎ1ಸಿ 6.1 ಇದೆ. ಅದು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ, 5.7ರಿಂದ 6.4 ಅಂದರೆ ಡಯಾಬಿಟಿಸ್‌ನ ಹೊಸ್ತಿಲು. ಅದನ್ನು ಡಾಕ್ಟರಿಗೆ ತೋರಿಸಲೇಬೇಕು.

ಅಮ್ಮನ ಪ್ರಶ್ನೆ ಒಂದೇ, ರಾತ್ರಿಯ ಕುಚ್ಚಲಕ್ಕಿ ಗಂಜಿ ಬಿಡಬೇಕಾ ಅಂತ.